ಹಳೇಬೀಡಿನ ಮಕರ, ಮಣಿಯಲ್ಲಿ: 16 × 12 ಸೆಂ.ಮೀ. ಕಸೂತಿ ಫಲಕ ಕಟ್ಟಿದ ಬಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೆಳಗಿನಿಂದ ಪಟ್ಟಿಕೆಗಳನ್ನು, ಅಂದರೆ ಕೆತ್ತನೆಯ ಅಡ್ಡಸಾಲುಗಳನ್ನು, ಎಣಿಸುತ್ತಾ ಬನ್ನಿ. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು. ಏಳನೆಯದು ಮಕರ, ಅದರ ಮೇಲೆ ಹಂಸ. 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪಟ್ಟಿಕೆಗಳು ಆರೇ ಆದರೂ ಮೇಲಿನ ಎರಡು ಜಾಗ ಮಕರ ಮತ್ತು ಹಂಸಕ್ಕೇ ಮೀಸಲು. ಗಂಗೆಗೂ ವರುಣನಿಗೂ ವಾಹನವಾದ ಈ ನೀರಿನ ಜೀವಿಗೆ ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಪಂಜ, ಕೊನೆಗೆ ಬಾಲದ ಜಾಗದಲ್ಲಿ ನವಿಲುಗರಿಯಂತೆ ಸಿಡಿದು ಸುರುಳಿ ಸುತ್ತುವ ಎಲೆಬಳ್ಳಿ. ಅಭಿಷೇಕದ ನೀರು ಹೊರಬೀಳುವ ಪ್ರನಾಳಕ್ಕೂ ಇದೇ ಮುಖ ಕೆತ್ತುವುದುಂಟು.

ಈ ಮಕರವನ್ನು ಮಣಿಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಎಡವುವುದು ಬಣ್ಣದಲ್ಲಿ. ನೀರಿನ ಪ್ರಾಣಿ ಅಂದಕೂಡಲೇ ನೀಲಿ ಪೊಟ್ಟಣಗಳನ್ನು ಗುಡ್ಡೆ ಹಾಕಿಕೊಳ್ಳುತ್ತಾರೆ. ದೇವಾಲಯದ ಬಳಪದ ಕಲ್ಲಿನಲ್ಲಿ ಒಂದು ಹನಿ ನೀಲಿಯೂ ಇಲ್ಲ, ಆದರೂ ಆ ಬಾಲ ಹರಿಯುತ್ತದೆ. ಹರಿಯುವಂತೆ ಮಾಡುವುದು ಉಳಿಯ ಗೆರೆಗಳ ದಿಕ್ಕು. ಮಣಿ ಕೆಲಸದಲ್ಲಿ ಆ ಗೆರೆಯ ಜಾಗಕ್ಕೆ ಬರುವುದು ಮಣಿಯ ಸಾಲು. ಸಾಲು ಯಾವ ಕಡೆಗೆ ಓಡಬೇಕು ಎಂಬುದನ್ನು ಒಂದು ಮಣಿಯನ್ನೂ ಹೊಲಿಯುವ ಮೊದಲೇ ತೀರ್ಮಾನಿಸಬೇಕು. ಮುಂದೆ ಬರುವ ಹೆಚ್ಚಿನ ಮಾತೆಲ್ಲ ಅದರ ಸುತ್ತಲೇ ಇದೆ.

ಸಾಮಾನು

ಚಿತ್ರದ ಅಳತೆ 16 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಅದರಲ್ಲಿ ಮಣಿ ಕೂರುವ ಜಾಗ ಸುಮಾರು 85 ಚದರ ಸೆಂ.ಮೀ.; ಉಳಿದದ್ದು ಬರೀ ಬಟ್ಟೆ. ಲೆಕ್ಕ ಹಾಕುವ ಕ್ರಮ ಹೀಗೆ: 11/0 ಅಳತೆಯ (ಮೊದಲ ಸಂಖ್ಯೆ ಹೆಚ್ಚಾದಷ್ಟೂ ಮಣಿ ಸಣ್ಣದು) ಮಣಿಯ ದಪ್ಪ ಸುಮಾರು 2.1 ಮಿ.ಮೀ., ರಂಧ್ರದ ಉದ್ದಕ್ಕೆ 1.5 ಮಿ.ಮೀ. ಹಾಗಾಗಿ ಒಂದು ಚದರ ಸೆಂ.ಮೀ.ಗೆ 31-32 ಮಣಿ. ಗ್ರಾಂಗೆ ಸುಮಾರು 110 ಮಣಿ ಬರುತ್ತವೆ, ಅಂದರೆ ಚದರ ಸೆಂ.ಮೀ.ಗೆ 0.3 ಗ್ರಾಂ. 15/0 ಮಣಿ ಇನ್ನೂ ಸಣ್ಣದು, ಚದರ ಸೆಂ.ಮೀ.ಗೆ 60ರ ಆಸುಪಾಸು, ತೂಕ 0.2 ಗ್ರಾಂ. ಆರಿ (ಕೊಕ್ಕೆ ಸೂಜಿಯ ಕಸೂತಿ) ಕೆಲಸದವರು ಶುಗರ್ ಬೀಡ್ಸ್ ಎಂದು ಕರೆಯುವುದು ಈ ಸಣ್ಣ ಮಣಿಗಳನ್ನೇ. ಅಂಗಡಿಯಲ್ಲಿ ಹೆಸರು ಹೇಳುವುದಕ್ಕಿಂತ ಅಳತೆ ಹೇಳಿ, ಇಲ್ಲವೇ ಒಂದು ಮಾದರಿ ಮಣಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕೊಳ್ಳಬೇಕಾದದ್ದು:

- ಬಳಪದ ಕಲ್ಲಿನ ಬೂದು-ಹಸಿರು, ಹೊಳಪಿಲ್ಲದ 11/0: 12 ಗ್ರಾಂ (ತಲೆ, ಸೊಂಡಿಲು, ಮೈ)
- ಕಡು ಉಕ್ಕಿನ ಬಣ್ಣದ 11/0: 8 ಗ್ರಾಂ (ಹೊರರೇಖೆ, ಒಟ್ಟು ಸುಮಾರು 90 ಸೆಂ.ಮೀ.)
- ನವಿಲು ನೀಲಿ, ಹಸಿರು-ನೀಲಿ, ತಿಳಿ ನೀಲಿ 11/0: ತಲಾ 5 ಗ್ರಾಂ (ಬಾಲ)
- ಪಾರದರ್ಶಕ ತಿಳಿ ನೀಲಿ 15/0: 4 ಗ್ರಾಂ (ನೀರಿನ ಗೆರೆ, ಸುರುಳಿಯ ಸಂದು)
- ದಂತದ ಬಣ್ಣ 15/0: 2 ಗ್ರಾಂ, ಕಡುಗೆಂಪು 15/0: 2 ಗ್ರಾಂ, ಚಿನ್ನದ ಬಣ್ಣ 15/0: 3 ಗ್ರಾಂ
- 6 ಮಿ.ಮೀ. ಪೈಪ್ ಮಣಿ (ಕೊಳವೆಯಂಥ ಉದ್ದ ಮಣಿ): 30
- 3 ಮಿ.ಮೀ. ಮುತ್ತು: 22
- 8 ಮಿ.ಮೀ. ದುಂಡು ಹರಳು, ತಳ ಚಪ್ಪಟೆ, ಮೇಲೆ ಉಬ್ಬು: 1 (ಕಣ್ಣು)
- ಕಡುನೀಲಿ ರಾ ಸಿಲ್ಕ್ 40 × 40 ಸೆಂ.ಮೀ., ಅಷ್ಟೇ ಅಳತೆಯ ಗಟ್ಟಿ ಹತ್ತಿ ಲೈನಿಂಗ್
- 1.5 ಮಿ.ಮೀ. ದಪ್ಪದ ಫೆಲ್ಟ್: ಬೂದು ಮತ್ತು ಬಿಳಿ, ಒಂದೊಂದು ಅಂಗೈ ಅಗಲ
- ಮಣಿ ಸೂಜಿ: 10ನೇ ನಂಬರು 4, 12ನೇ ನಂಬರು 4
- ನೈಲಾನ್ ಮಣಿದಾರ, ಜೇನುಮೇಣ, 10 ಇಂಚಿನ ಮರದ ಕಸೂತಿ ರಿಂಗ್

ಜಪಾನಿನ ಮಿಯುಕಿ, ಟೊಹೊ ಮಣಿಗಳ ಅಳತೆ ಒಂದೇ ಸಮ. ಮೇಲಿನ ತೂಕ ಅವಕ್ಕೆ ಸರಿಹೊಂದುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೂಕದ ಮೇಲೆ ಸಿಗುವ ಮಣಿಯಲ್ಲಿ ಓರೆ ಕತ್ತರಿಸಿದವು, ರಂಧ್ರ ಮುಚ್ಚಿದವು, ತಟ್ಟೆಯ ಹಾಗೆ ತೆಳುವಾದವು ಬೆರೆತಿರುತ್ತವೆ. 12 ಗ್ರಾಂ ಬೇಕಾದ ಕಡೆ 18 ತನ್ನಿ, ಆರಿಸಿ ತೆಗೆಯಿರಿ. ಆದರೆ ತೆಳು ಮಣಿಗಳನ್ನು ಬಿಸಾಡಬೇಡಿ. ಸಾಲು ಮುಗಿಯುವಲ್ಲಿ ಒಂದು ಪೂರ್ತಿ ಮಣಿಗೆ ಜಾಗ ಸಾಲದೆ, ಬಿಟ್ಟರೆ ಬಟ್ಟೆ ಕಾಣುವಂತಿದ್ದರೆ ಆ ತೆಳು ಮಣಿಯೇ ಕೈ ಹಿಡಿಯುತ್ತದೆ. ಅದಕ್ಕೊಂದು ಬೇರೆ ಡಬ್ಬಿ ಇಡಿ.

ಬಣ್ಣದ ಪರೀಕ್ಷೆ ಮಾಡದೆ ಒಂದು ಮಣಿಯನ್ನೂ ಹೊಲಿಯಬೇಡಿ. ಪ್ರತಿ ಪೊಟ್ಟಣದಿಂದ ಹತ್ತು ಮಣಿ ತೆಗೆದು ಮೂರು ಪಾಲು ಮಾಡಿ. ಒಂದು ಪಾಲನ್ನು ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಇನ್ನೊಂದನ್ನು ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮತ್ತೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ವಾರ ಬಿಡಿ. ಗಾಜಿನಲ್ಲೇ ಬಣ್ಣವಿರುವ ಮಣಿ ಮೂರನ್ನೂ ತಡೆದುಕೊಳ್ಳುತ್ತದೆ. ಮೇಲೆ ಬಣ್ಣ ಬಳಿದ ಮಣಿ ತಡೆಯುವುದಿಲ್ಲ. ಗುಲಾಬಿ ಮತ್ತು ನೇರಳೆಯಲ್ಲಿ ಈ ಕಾಟ ಹೆಚ್ಚು. ಈ ಫಲಕಕ್ಕೆ ಮೊದಲು ತಂದ ಚಿನ್ನದ ಮಣಿ, ಸೊಂಡಿಲಿಗೆ ಅಡ್ಡವಾಗಿ ಮೂರು ಬಳೆ ಹಾಕುವಷ್ಟರಲ್ಲಿ, ಹೆಬ್ಬೆರಳಿನ ಬೆವರಿಗೇ ಲೇಪ ಬಿಟ್ಟು, ಒಳಗಿನ ಮಂಕು ಗಾಜು ಕಾಣಿಸಿತು. ಮೂರೂ ಬಳೆ ಬಿಚ್ಚಬೇಕಾಯಿತು. ಅಗ್ಗದ ಚಿನ್ನದ ಲೇಪ ಬೆವರಿಗೆ ನಿಲ್ಲುವುದಿಲ್ಲ, ಚಿನ್ನದ ಪೊಟ್ಟಣಕ್ಕೆ ಮಾತ್ರ ಹಣ ನೋಡಬೇಡಿ.

ಕಲ್ಲಿನಿಂದ ಗೆರೆಗೆ

ಕಲ್ಲಿನ ಮಕರದ ಫೋಟೋ ತೆಗೆದು ನೇರವಾಗಿ ಅಚ್ಚಿಳಿಸಿದರೆ ಕೆಲಸ ಕೆಡುತ್ತದೆ. ಹೊಯ್ಸಳ ಶಿಲ್ಪಿಯ ಉಳಿ ಅರ್ಧ ಮಿ.ಮೀ. ಅಂತರದಲ್ಲಿ ಗೆರೆ ಎಳೆಯಬಲ್ಲದು. ಮಣಿಗೆ ಅದು ಸಾಧ್ಯವಿಲ್ಲ. 11/0 ಮಣಿಯ ಎರಡು ಸಾಲು ಅಕ್ಕಪಕ್ಕ ಕೂರಲು 4.2 ಮಿ.ಮೀ. ಬೇಕು. ಹಾಗಾಗಿ ಚಿತ್ರವನ್ನು ಕೊನೆಯ ಅಳತೆಗೆ, ಅಂದರೆ 16 ಸೆಂ.ಮೀ. ಅಗಲಕ್ಕೆ ಮುದ್ರಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, 4 ಮಿ.ಮೀ.ಗಿಂತ ಹತ್ತಿರ ಇರುವ ಎರಡು ಗೆರೆಗಳಲ್ಲಿ ಒಂದನ್ನು ಅಳಿಸುತ್ತಾ ಹೋಗಿ. ದವಡೆಯ ಒಳಗೆ 15/0 ಬಳಸುವುದರಿಂದ ಅಲ್ಲಿ ಮಾತ್ರ 3 ಮಿ.ಮೀ. ತನಕ ಇಳಿಯಬಹುದು. ಬಾಲದಲ್ಲಿ ಏಳೆಂಟು ಸುರುಳಿ ಇದ್ದರೂ ಮೂರೇ ಉಳಿಸಿಕೊಳ್ಳಿ. ಮೂರೂ ಒಂದೇ ಗಾತ್ರ ಬೇಡ. ಮೈಗೆ ಹತ್ತಿರದ್ದು ದೊಡ್ಡದು, ತುದಿಯದು ಸಣ್ಣದು.

ನಂತರ ಕೆಂಪು ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ: ಪ್ರತಿ ಭಾಗದಲ್ಲೂ ಮಣಿಯ ಸಾಲು ಎಲ್ಲಿಂದ ಎಲ್ಲಿಗೆ. ಸೊಂಡಿಲಿನಲ್ಲಿ ಹಣೆಯಿಂದ ತುದಿಗೆ, ಉದ್ದಕ್ಕೆ. ಕೆನ್ನೆಯಲ್ಲಿ ಕಣ್ಣಿನ ಸುತ್ತ ಉಂಗುರ ಉಂಗುರವಾಗಿ. ಮೈಮೇಲೆ ಭುಜದಿಂದ ಬಾಲದ ಬುಡಕ್ಕೆ, ಬೆನ್ನಿನ ಬಾಗಿಗೆ ಸಮಾನಾಂತರ. ಬಾಲದಲ್ಲಿ ಬುಡದಿಂದ ಹೊರಟು ಸುರುಳಿಯ ನಡುವಿಗೆ. ಕೆನ್ನೆಯ ಉಂಗುರಗಳನ್ನು ಬಿಟ್ಟರೆ ಎಲ್ಲೂ ಬಾಣಗಳು ಒಂದಕ್ಕೊಂದು ಎದುರಾಗಿ ನಿಲ್ಲಬಾರದು. ಒಂದು ಭಾಗದ ಬಾಣ ಮುಗಿದಲ್ಲಿಂದ ಇನ್ನೊಂದರ ಬಾಣ ಹೊರಡಬೇಕು. ಮೈಯನ್ನು ಅಡ್ಡ ಸಾಲಿನಲ್ಲಿ ತುಂಬಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಮಕರ ಇಟ್ಟಿಗೆ ಗೋಡೆಯಂತೆ ಕಾಣುತ್ತದೆ.

ಬಟ್ಟೆಗೆ ಇಳಿಸಲು ಆರಿ ಕಾರ್ಖಾನೆಗಳ ಹಳೆಯ ದಾರಿಯೇ ಸೊಗಸು. ಟ್ರೇಸಿಂಗ್ ಪೇಪರಿನ ಗೆರೆಯ ಮೇಲೆ 2 ಮಿ.ಮೀ.ಗೊಂದರಂತೆ ಸೂಜಿಯಿಂದ ಚುಚ್ಚಿ, ಚುಚ್ಚಿದ ಹಿಂಬದಿಯ ಉಬ್ಬನ್ನು ನಯವಾದ ಉಪ್ಪುಕಾಗದದಿಂದ ಒಮ್ಮೆ ಸವರಿ. ಬಿಳಿ ಜಿಂಕ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಮೊಸರಿನ ಹದಕ್ಕೆ ಕಲಸಿ, ಬಟ್ಟೆಯ ಉಂಡೆಯಿಂದ ಉಜ್ಜಿ. ಸೀಮೆಎಣ್ಣೆ ಆರಿಹೋಗಿ ಚುಕ್ಕಿ ಉಳಿಯುತ್ತದೆ. ಕಲಸಿದ್ದು ನೀರಾದರೆ ಚುಕ್ಕಿಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರಾ ಸಿಲ್ಕಿನ ಮೂಲೆಯಲ್ಲಿ ಮೊದಲು ನೋಡಿ. ಕೆಲವು ಬಣ್ಣಗಳ ಮೇಲೆ ಎಣ್ಣೆಯ ಕಲೆ ಉಳಿಯುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಬಿಳಿ ಜೆಲ್ ಪೆನ್ನಿನಲ್ಲಿ ನೇರವಾಗಿ ಬರೆಯಿರಿ, ಆದರೆ ಆ ಗೆರೆ ಮಣಿಯ ಕೆಳಗೆ ಪೂರ್ತಿ ಮುಚ್ಚಿಹೋಗಬೇಕು.

ರಿಂಗ್ ಮತ್ತು ಬಿಗಿ

ಚಿತ್ರದ ಮೂಲೆಯಿಂದ ಮೂಲೆಗೆ 20 ಸೆಂ.ಮೀ. 10 ಇಂಚಿನ ರಿಂಗ್‌ನ ಒಳ ಅಗಲ 25 ಸೆಂ.ಮೀ. ಇರುವುದರಿಂದ ಇಡೀ ಚಿತ್ರ ಒಳಗೇ ಕೂರುತ್ತದೆ. ಸಣ್ಣ ರಿಂಗ್ ಹಿಡಿದು ಜಾಗ ಬದಲಿಸುತ್ತಾ ಹೋದರೆ ಹೊಲಿದ ಮಣಿಯ ಮೇಲೇ ರಿಂಗ್ ಕಚ್ಚಿ ಮಣಿ ಒಡೆಯುತ್ತದೆ. ಒಳ ರಿಂಗ್‌ಗೆ ಹತ್ತಿಯ ಪಟ್ಟಿ ಸುತ್ತಿ; ಬರೀ ಮರದ ಮೇಲೆ ರೇಷ್ಮೆ ಜಾರುತ್ತದೆ. ಸಿಲ್ಕ್ ಮತ್ತು ಲೈನಿಂಗ್ ಎರಡರ ನೇಯ್ಗೆಯೂ ಒಂದೇ ದಿಕ್ಕಿಗೆ ಇರಲಿ. ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಬರಬೇಕು. ರಾತ್ರಿ ಕಳೆದರೆ ಬಿಗಿ ಸಡಿಲುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಪ್ರತಿದಿನ ಕೂರುವ ಮೊದಲು ಮತ್ತೆ ಎಳೆದು ಸ್ಕ್ರೂ ತಿರುಗಿಸಿ. ಮನೆಯಲ್ಲಿ ಆರಿ ಕಾಟ್ (ಬಟ್ಟೆ ಬಿಗಿದು ಕಟ್ಟುವ ದೊಡ್ಡ ಚೌಕಟ್ಟು) ಇದ್ದರೆ ಅದು ರಿಂಗ್‌ಗಿಂತ ಎಷ್ಟೋ ಮೇಲು. ಎರಡು ಕೈಯೂ ಬಿಡುವಾಗುತ್ತವೆ.

ದಾರ ಒಂದು ಬಾರಿಗೆ 60 ಸೆಂ.ಮೀ. ಸಾಕು. ಉದ್ದವಾದಷ್ಟೂ ಮಣಿಯ ಅಂಚಿಗೆ ಉಜ್ಜಿ ಎಳೆ ಬಿಡುತ್ತದೆ. ನೈಲಾನ್ ದಾರಕ್ಕೆ ಜೇನುಮೇಣ ಸವರಿ, ಬೆರಳ ನಡುವೆ ಎಳೆದು ಹೆಚ್ಚಿನದನ್ನು ಒರೆಸಿಬಿಡಿ.

ಕಣ್ಣು

ಕೆಲಸ ಶುರುವಾಗುವುದು ಕಣ್ಣಿನಿಂದ, ಏಕೆಂದರೆ ಕೆನ್ನೆಯ ಸಾಲುಗಳೆಲ್ಲ ಅದನ್ನೇ ಸುತ್ತುತ್ತವೆ. ಹರಳಿನ ತಳಕ್ಕೆ ಸಾಸಿವೆ ಕಾಳಿನಷ್ಟು ಆಭರಣದ ಅಂಟು ಹಚ್ಚಿ, ಅಂಚಿನಿಂದ 2 ಮಿ.ಮೀ. ಒಳಗೇ ನಿಲ್ಲಿಸಿ. ಅಂಟು ಹೊರಬಂದರೆ ಒಣಗಿದ ಮೇಲೆ ಅಲ್ಲಿ ಸೂಜಿ ಇಳಿಯುವುದಿಲ್ಲ. ಅಂಗಡಿಯ ಸೂಪರ್ ಗ್ಲೂ ಖಂಡಿತ ಬೇಡ, ಅದರ ಆವಿ ಹರಳಿನ ಸುತ್ತ ಬಿಳಿ ಮಬ್ಬು ಕಟ್ಟುತ್ತದೆ. ಒಂದು ದಿನ ಒಣಗಲಿ. ಅಂಟು ಹರಳನ್ನು ತಾತ್ಕಾಲಿಕವಾಗಿ ಹಿಡಿಯುತ್ತದೆ ಅಷ್ಟೆ. ಕಾಯಂ ಹಿಡಿತ ಮಣಿಯ ಚೌಕಟ್ಟಿನದು.

ಹರಳಿನ ಸುತ್ತ ಕಡು ಬಣ್ಣದ 11/0 ಮಣಿಯಿಂದ ಬ್ಯಾಕ್ ಸ್ಟಿಚ್‌ನಲ್ಲಿ (ಹಾಕುವ ಬಗೆ ಮುಂದಿನ ಭಾಗದಲ್ಲಿದೆ) ಒಂದು ಸುತ್ತು. 8 ಮಿ.ಮೀ. ಹರಳಿಗೆ 20 ಮಣಿ ಬೀಳುತ್ತವೆ. ಇಲ್ಲೇ ಎಚ್ಚರ. 21 ಬಿದ್ದರೆ ಬಿಚ್ಚಿ ಮತ್ತೆ ಹಾಕಿ. ಮೇಲಿನ ಸುತ್ತು ಒಂದು ಬಿಟ್ಟು ಒಂದು ಮಣಿಯೊಳಗೆ ಹಾಯುವುದರಿಂದ ತಳದ ಸಂಖ್ಯೆ ಸಮ ಇರಲೇಬೇಕು. ಬೆಸ ಇದ್ದರೆ ಸುತ್ತು ಮುಗಿಯುವಲ್ಲಿ ಎರಡು ಮಣಿ ಒಂದರ ಪಕ್ಕ ಒಂದು ಬಂದು ಹಲ್ಲು ಮುರಿದಂತೆ ಸಂದು ಬೀಳುತ್ತದೆ. ಎರಡನೇ ಸುತ್ತಿಗೆ ಒಂದು 11/0 ಪೋಣಿಸಿ, ತಳದ ಒಂದು ಮಣಿ ಬಿಟ್ಟು ಮುಂದಿನದರೊಳಗೆ ಸೂಜಿ ಹಾಯಿಸಿ. ಹೀಗೆ 10 ಮಣಿ. ಸುತ್ತು ಮುಗಿದಾಗ ಈ ಸುತ್ತಿನಲ್ಲಿ ಮೊದಲು ಹಾಕಿದ ಮಣಿಯೊಳಗೂ ಸೂಜಿ ದಾಟಿಸಿ ಮೇಲೇರಿ. ಮೂರನೇ ಸುತ್ತು ಚಿನ್ನದ 15/0, ಮತ್ತೆ 10. ಮಣಿ ಸಣ್ಣದಾದ್ದರಿಂದ ಎಳೆದಾಗ ಸುತ್ತು ಕಿರಿದಾಗಿ ಹರಳಿನ ಹೆಗಲ ಮೇಲೆ ಬಾಗುತ್ತದೆ. ಚೌಕಟ್ಟಿನ ಹಿಡಿತವೆಲ್ಲ ಆ ಬಾಗಿನಲ್ಲಿದೆ. ಕೊನೆಯ ಸುತ್ತಿನೊಳಗೆ ದಾರವನ್ನು ಇನ್ನೊಮ್ಮೆ ಸುತ್ತಿಸಿ ಬಿಗಿದು ಕೆಳಗಿಳಿಸಿ. ಉಗುರಿನಿಂದ ಹರಳನ್ನು ತಿರುಗಿಸಲು ನೋಡಿ, ಅಲುಗಬಾರದು.

ಹೊರರೇಖೆ, ಉಬ್ಬು

ಹೊರರೇಖೆಗೆ ನಾಲ್ಕರ ಬ್ಯಾಕ್ ಸ್ಟಿಚ್. ನಾಲ್ಕು ಮಣಿ ಪೋಣಿಸಿ ಗೆರೆಯ ಮೇಲೆ ಒತ್ತಾಗಿ ಮಲಗಿಸಿ, ನಾಲ್ಕನೆಯದರ ಅಂಚಿನಲ್ಲೇ ಸೂಜಿ ಇಳಿಸಿ. ಎರಡು-ಮೂರರ ನಡುವೆ ಮೇಲೆ ಬಂದು, ಮೂರು-ನಾಲ್ಕರೊಳಗೆ ಹಾಯ್ದು, ಮುಂದಿನ ನಾಲ್ಕು ಪೋಣಿಸಿ. ಸೊಂಡಿಲ ತುದಿಯ ಸುರುಳಿಯಂಥ ಬಿಗಿ ತಿರುವಿನಲ್ಲಿ ನಾಲ್ಕರ ಬದಲು ಎರಡೇ, ವಾಪಸು ಒಂದರೊಳಗೆ. ಸೂಜಿಯನ್ನು ಕೊನೆಯ ಮಣಿಗೆ ತೀರ ಹತ್ತಿರ ಇಳಿಸಿದರೆ ಮಣಿಗಳು ಒತ್ತಿಕೊಂಡು ಮೇಲೇಳುತ್ತವೆ. ದೂರ ಇಳಿಸಿದರೆ ನಡುವೆ ದಾರ ಕಾಣುತ್ತದೆ. ಒಂದು ಗೆರೆ ಪೂರ್ತಿಯಾದ ಮೇಲೆ ಅದೇ ದಾರವನ್ನು ಎಲ್ಲ ಮಣಿಯೊಳಗೂ ಮತ್ತೊಮ್ಮೆ ಹಾಯಿಸಿ. ಅಂಕುಡೊಂಕಾಗಿದ್ದ ಸಾಲು ಎಳೆದ ಕೂಡಲೇ ನುಣ್ಣಗಾಗುತ್ತದೆ. ಈ ಎರಡನೇ ಹಾಯ್ಗೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಅಲ್ಲೇ ಕೆಲಸ ಒರಟಾಗುವುದು.

ಕಲ್ಲಿನ ಮಕರಕ್ಕೆ ಆಳ ಇದೆ. ಚಪ್ಪಟೆ ಮಕರ ರಂಗೋಲಿಯಂತೆ ಕಾಣುತ್ತದೆ. ಸೊಂಡಿಲು, ಕೆನ್ನೆ, ಭುಜ, ಈ ಮೂರಕ್ಕೆ ಬೂದು ಫೆಲ್ಟಿನ ಎರಡು ಪದರ. ಸಣ್ಣ ತುಂಡು ಕೆಳಗೆ, ಹೊರರೇಖೆಯಿಂದ 3 ಮಿ.ಮೀ. ಒಳಗೆ. ದೊಡ್ಡದು ಅದರ ಮೇಲೆ, 1 ಮಿ.ಮೀ. ಒಳಗೆ. ಈ ಕ್ರಮ ತಿರುವುಮುರುವಾದರೆ ಮೆಟ್ಟಿಲು ಎದ್ದು ಮಣಿಯ ಮೇಲೂ ಕಾಣುತ್ತದೆ. ಫೆಲ್ಟಿನ ಬದಲು 3 ಮಿ.ಮೀ. ಫೋಮ್ ಹಾಕಿ ನೋಡಿದ್ದಾಯಿತು. ದಾರ ಎಳೆದಾಗಲೆಲ್ಲ ಫೋಮ್ ತಗ್ಗಿ, ಬಿಟ್ಟಾಗ ಏರಿ, ಸಾಲಿನಿಂದ ಸಾಲಿಗೆ ಬಿಗಿ ಬದಲಾಗುತ್ತಾ ಸೊಂಡಿಲು ಗಂಟು ಗಂಟಾಯಿತು. ಫೆಲ್ಟ್ ತಗ್ಗುವುದಿಲ್ಲ.

ಸೊಂಡಿಲಿನಲ್ಲಿ ಬೂದು-ಹಸಿರು ಮಣಿಯ ಸಾಲುಗಳನ್ನು ಉದ್ದಕ್ಕೆ ತುಂಬಿ. ಮೊದಲು ಎರಡೂ ಹೊರ ಅಂಚಿನ ಸಾಲು, ಕೊನೆಗೆ ನಡುವಿನದು. ನಡುವಿನಿಂದ ಶುರು ಮಾಡಿದರೆ ಅಂಚಿನಲ್ಲಿ ಉಳಿಯುವ ಸಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ತುಂಬಿದ ಮೇಲೆ ಚಿನ್ನದ 15/0 ಬಳೆಗಳು: ಒಂದು ಅಂಚಿನಲ್ಲಿ ಮೇಲೆ ಬಂದು, ಮಣಿ ಪೋಣಿಸಿ, ಸೊಂಡಿಲನ್ನು ದಾಟಿ ಇನ್ನೊಂದು ಅಂಚಿನಲ್ಲಿ ಇಳಿಯುವುದು. 9 ಮಿ.ಮೀ. ಅಗಲದ ಸೊಂಡಿಲಿಗೆ ಚಪ್ಪಟೆಯಾಗಿದ್ದರೆ 8 ಮಣಿ ಸಾಕಿತ್ತು. ಉಬ್ಬಿನ ಮೇಲೆ 11 ಅಥವಾ 12 ಬೇಕು. ಕಡಿಮೆಯಾದರೆ ಬಳೆ ಸೊಂಡಿಲನ್ನು ಹಿಸುಕುತ್ತದೆ, ಹೆಚ್ಚಾದರೆ ಜೋತು ಬೀಳುತ್ತದೆ. ಬುಡದಲ್ಲಿ ಬಳೆಗಳ ಅಂತರ 8 ಮಿ.ಮೀ., ತುದಿಗೆ ಬರುವಷ್ಟರಲ್ಲಿ 5.

ದವಡೆಯ ಮೂಲೆ

ಇಡೀ ಫಲಕದಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಎರಡು ಸೆಂ.ಮೀ.ಯ ಈ ಜಾಗ. ಸೊಂಡಿಲಿನ ಬುಡ, ಮೇಲ್ದವಡೆ, ಕೆಳದವಡೆ, ಕೆನ್ನೆಯ ಉಂಗುರಗಳು, ನಾಲ್ಕು ದಿಕ್ಕಿನ ಸಾಲುಗಳು ಇಲ್ಲಿ ಸೇರುತ್ತವೆ. ಒಂದು ದಿಕ್ಕನ್ನು ಗೆಲ್ಲಿಸಿ, ಉಳಿದವು ಅದರ ಕೆಳಗೆ ಮುಗಿಯಲಿ. ಗೆಲ್ಲಬೇಕಾದದ್ದು ಸೊಂಡಿಲಿನ ಸಾಲು. ಅದು ಮೇಲ್ದವಡೆಯ ಅಂಚಾಗಿ ಮುಂದುವರಿದು, ಬಾಯಿಯ ಮೂಲೆಯಲ್ಲಿ ಬಾಗಿ ಕೆಳದವಡೆಗೆ ಹೊರಳುತ್ತದೆ. ಕೆನ್ನೆಯ ಉಂಗುರಗಳು ಅದಕ್ಕೆ ತಾಗಿದಲ್ಲಿ ನಿಲ್ಲುತ್ತವೆ. ತಾಗುವಲ್ಲಿ ಪೂರ್ತಿ ಮಣಿ ಹಿಡಿಸದು. ಡಬ್ಬಿಯಲ್ಲಿ ಎತ್ತಿಟ್ಟ ತೆಳು ಮಣಿ ಇಲ್ಲಿ ಬರಲಿ, ಅದೂ ಆಗದಿದ್ದರೆ ಅದೇ ಬಣ್ಣದ 15/0 (ಮೇಲಿನ ಪಟ್ಟಿಯಲ್ಲಿಲ್ಲ, ಬೇಕಾದರೆ ಸ್ವಲ್ಪ ತಂದಿಟ್ಟುಕೊಳ್ಳಿ). 11/0 ಅನ್ನು ತುರುಕಬೇಡಿ, ಒಂದು ಮಣಿಯ ಒತ್ತಡಕ್ಕೆ ಸಾಲಿನ ಐದು ಮಣಿ ಓರೆಯಾಗುತ್ತವೆ.

ಬಾಯಿಯ ಒಳಗೆ ಕಡುಗೆಂಪು 15/0, ಫೆಲ್ಟ್ ಇಲ್ಲದೆ ಬಟ್ಟೆಯ ಮೇಲೇ. ಸುತ್ತ ಎತ್ತರ, ನಡುವೆ ತಗ್ಗು, ಹಾಗಾಗಿ ಬಾಯಿ ನಿಜವಾಗಿ ತೆರೆದಂತೆ ಆಳ ಬರುತ್ತದೆ. ಸಾಲುಗಳು ಗಂಟಲ ಕಡೆಗೆ ಕಿರಿದಾಗುತ್ತಾ ಹೋಗಲಿ. ಹಲ್ಲು ಮೇಲೆ 9, ಕೆಳಗೆ 7. ಒಂದೊಂದಕ್ಕೂ ದಂತದ ಬಣ್ಣದ ಮೂರು ಮಣಿ: ಎರಡು ದವಡೆಯ ಅಂಚಿಗೆ ಅಂಟಿ ಅಕ್ಕಪಕ್ಕ, ಮೂರನೆಯದು ಅವೆರಡರ ಸಂದಿನ ಎದುರು. ಮೂರನೆಯದನ್ನು ಎರಡು ಬಾರಿ ಹೊಲಿದರೆ ಅಲುಗಾಡದು. 12ನೇ ನಂಬರಿನ ಸೂಜಿಯೂ 15/0 ಮಣಿಯಲ್ಲಿ ಮೂರನೇ ಸಲ ಹಾಯುವಾಗ ಸಿಕ್ಕಿಕೊಳ್ಳಬಹುದು. ಇಕ್ಕಳದಿಂದ ಎಳೆದರೆ ಮಣಿ ಸಿಡಿದು ಹೋಗುತ್ತದೆ. ಸೂಜಿ ವಾಪಸು ತೆಗೆದು ಪಕ್ಕದ ಮಣಿಯ ದಾರಿ ಹಿಡಿಯಿರಿ.

ಒಂದು ಮಣಿ ಹೆಚ್ಚಾಗಿ ಬಿದ್ದಿದೆ, ಮುಂದೆ ಇಪ್ಪತ್ತು ಹೊಲಿದಾಗಿದೆ, ಬಿಚ್ಚುವಂತಿಲ್ಲ ಎಂದಾದಾಗ ಆ ಮಣಿಯನ್ನು ಒಡೆಯಬೇಕು. ಹೊರಗಿನಿಂದ ಇಕ್ಕಳದಲ್ಲಿ ಹಿಸುಕಿದರೆ ಗಾಜಿನ ಚೂರು ಒಳಮುಖವಾಗಿ ದಾರವನ್ನು ಕತ್ತರಿಸುತ್ತದೆ. ಮೊನಚು ದಬ್ಬಣವನ್ನು ರಂಧ್ರದೊಳಗೆ, ದಾರದ ಪಕ್ಕಕ್ಕೆ ಇಳಿಸಿ ಮೆಲ್ಲಗೆ ಒತ್ತಿ. ಮಣಿ ಹೊರಮುಖವಾಗಿ ಬಿರಿಯುತ್ತದೆ. ಕನ್ನಡಕ ಹಾಕಿಕೊಂಡು, ಮೇಲೆ ಬಟ್ಟೆಯ ಚೂರು ಮುಚ್ಚಿಕೊಂಡೇ ಈ ಕೆಲಸ ಮಾಡಿ.

ಮೈ

ಇಲ್ಲಿ ಹೇಳುವಂಥದ್ದು ಕಡಿಮೆ. ಬೆನ್ನಿನ ಬಾಗಿಗೆ ಸಮನಾಗಿ ಸಾಲು ಮೇಲೆ ಸಾಲು. ಬರೀ ಒಂದೇ ಬಣ್ಣ ಸತ್ತಂತೆ ಕಾಣುವುದರಿಂದ ಪ್ರತಿ ಐದು ಬೂದು-ಹಸಿರಿಗೆ ಒಂದು ಕಡು ಉಕ್ಕಿನ ಮಣಿ ಬೆರೆಸಿ, ಕ್ರಮವಿಲ್ಲದೆ. ಮಳೆಯಲ್ಲಿ ನೆನೆದ ಬಳಪದ ಕಲ್ಲಿನ ಮೈಗೆ ಹತ್ತಿರದ ಬಣ್ಣ ಸಿಗುತ್ತದೆ. ಕೊರಳಿಗೆ ಎರಡು ಎಳೆ ಮುತ್ತು, ಒಂದರಲ್ಲಿ 12, ಒಂದರಲ್ಲಿ 10. ಪಂಜಕ್ಕೆ ಉಗುರು ಮೂರು, ದಂತದ ಬಣ್ಣದಲ್ಲಿ.

ಬಾಲ

ಮೂರು ಸುರುಳಿಗಳ ಹೊರರೇಖೆ ಮೊದಲು, ನವಿಲು ನೀಲಿಯಲ್ಲಿ. ನಂತರ ಒಳಗೆ ಹಸಿರು-ನೀಲಿ, ನಡುವಿಗೆ ತಿಳಿ ನೀಲಿ. ಪ್ರತಿ ಸಾಲೂ ಬಾಲದ ಬುಡದಿಂದಲೇ ಹೊರಡಬೇಕು. ಸುರುಳಿಯ ನಡುವಿನಿಂದ ಹೊರಕ್ಕೆ ಹೊಲಿದುಕೊಂಡು ಬಂದರೆ ಕೊನೆಯಲ್ಲಿ ಬುಡದ ಸಾಲುಗಳಿಗೆ ಅದು ಕೂಡುವುದಿಲ್ಲ, ಹರಿವು ಅಲ್ಲೇ ಕಡಿದುಹೋಗುತ್ತದೆ. ಹೊಳೆ ಕವಲೊಡೆಯುವುದನ್ನು ನೋಡಿದ್ದರೆ ಇದು ಬೇಗ ಹಿಡಿತಕ್ಕೆ ಬರುತ್ತದೆ: ಬುಡದಲ್ಲಿ ಒಂಬತ್ತು ಸಾಲು ಜೊತೆಯಾಗಿ ಬಂದು, ಮೊದಲ ಸುರುಳಿಗೆ ನಾಲ್ಕು, ಎರಡನೆಯದಕ್ಕೆ ಮೂರು, ತುದಿಗೆ ಎರಡು ಬೇರೆಯಾಗುತ್ತವೆ. ಬೇರೆಯಾಗುವಲ್ಲಿ ಮೂಡುವ ಮುಕ್ಕೋನದ ಸಂದಿಗೆ 15/0.

ಮೊದಲ ಸುರುಳಿಯ ನಡುವೆ ಪಾರದರ್ಶಕ ತಿಳಿ ನೀಲಿ 15/0 ತುಂಬಿದಾಗ ಅದು ಮಾಯವಾಯಿತು. ಡಬ್ಬಿಯಲ್ಲಿ ಆಕಾಶದಂತಿದ್ದ ಮಣಿ ಕಡುನೀಲಿ ರೇಷ್ಮೆಯ ಮೇಲೆ ಮಸಿಯಂತಾಯಿತು. ಕಾರಣ ಸರಳ: ಪಾರದರ್ಶಕ ಗಾಜು ತನ್ನ ಬಣ್ಣದ ಜೊತೆ ಕೆಳಗಿನ ಬಟ್ಟೆಯ ಬಣ್ಣವನ್ನೂ ತೋರಿಸುತ್ತದೆ. ಬಿಚ್ಚಿ, ಆ ಜಾಗಕ್ಕೆ ಬಿಳಿ ಫೆಲ್ಟಿನ ಒಂದು ಪದರ ಅಂಟಿಸಿ ಮತ್ತೆ ಹೊಲಿದಾಗ ಒಳಗಿನಿಂದ ಬೆಳಕು ಹೊತ್ತಿದಂತೆ ಬಂತು. ಫೆಲ್ಟ್ ಬೇಡವೆನಿಸಿದರೆ ಬಟ್ಟೆಗೆ ಬಿಳಿ ಫ್ಯಾಬ್ರಿಕ್ ಪೇಂಟ್ ತೆಳುವಾಗಿ ಹಚ್ಚಬಹುದು, ಅಥವಾ ಒಳಗೆ ಬೆಳ್ಳಿ ಲೇಪನವಿರುವ ಮಣಿ ತರಬಹುದು. ಬೆಳ್ಳಿ ಲೇಪನದ್ದು ಚಮ್ಕಿಯಂತೆ ಮಿನುಗುತ್ತದೆ, ಈ ಕಲ್ಲುಬಣ್ಣದ ಮೈಗೆ ಅದು ಹೊಂದದು.

ಸುರುಳಿಗಳ ಹೊರಬೆನ್ನಿಗೆ ಪೈಪ್ ಮಣಿಯ ಬೀಸಣಿಗೆ, ಸುರುಳಿಗೆ 9ರಂತೆ 27. ಪೈಪ್ ಮಣಿಯ ತುದಿ ಒಡೆದ ಗಾಜಿನಷ್ಟೇ ಹರಿತ, ದಾರವನ್ನು ದಿನಗಟ್ಟಲೆ ಗರಗಸದಂತೆ ಕೊಯ್ಯುತ್ತದೆ. ಆದ್ದರಿಂದ ಪ್ರತಿಯೊಂದರ ಎರಡೂ ತುದಿಗೆ ಒಂದೊಂದು 15/0: ಸಣ್ಣ ಮಣಿ, ಪೈಪ್, ಸಣ್ಣ ಮಣಿ ಪೋಣಿಸಿ ಇಳಿಸಿ. ದಾರ ಗಾಜಿನ ಅಂಚಿಗೆ ತಾಗದೆ ಸಣ್ಣ ಮಣಿಯ ದುಂಡು ಬಾಯಿಯಲ್ಲಿ ತಿರುಗುತ್ತದೆ. ಮುಕ್ಕಾದ ಪೈಪ್ ಮಣಿ ಕಂಡರೆ ಎತ್ತಿ ಬಿಸಾಡಿ. ಕೊಂಡ 30ರಲ್ಲಿ ಮೂರು ಅದಕ್ಕೇ ಹೆಚ್ಚುವರಿ.

ಬಾಲದ ಸುತ್ತ ಬಟ್ಟೆ ನೆರಿಗೆ ಕಟ್ಟತೊಡಗಿದರೆ ಕೈ ಬಿಗಿಯಾಗಿದೆ ಎಂದರ್ಥ. ಸುರುಳಿಯಲ್ಲಿ ಸಾಲುಗಳು ಒಳಕ್ಕೆ ಎಳೆಯುವುದರಿಂದ ಎಲ್ಲಕ್ಕಿಂತ ಮೊದಲು ನೆರಿಗೆ ಕಾಣುವುದು ಅಲ್ಲೇ. ದಾರ ಎಳೆದಾಗ ಮಣಿ ಬಟ್ಟೆಗೆ ತಾಗಬೇಕು, ಬಟ್ಟೆ ತಗ್ಗಬಾರದು. ಈಗಾಗಲೇ ನೆರಿಗೆ ಬಿದ್ದಿದ್ದರೆ ಹಿಂಬದಿಯ ಬಿಗಿ ದಾರವನ್ನು ಕತ್ತರಿಸಿ ಆ ಸಾಲನ್ನು ಮತ್ತೆ ಹೊಲಿಯುವುದೊಂದೇ ದಾರಿ. ಇಸ್ತ್ರಿಯಿಂದ ಅದು ಹೋಗುವುದಿಲ್ಲ.

ನೀರು

ಮಕರದ ಕೆಳಗೆ ನಾಲ್ಕೇ ಗೆರೆ, ಒಂದೊಂದು ಸುಮಾರು 15 ಸೆಂ.ಮೀ. ಪಾರದರ್ಶಕ 15/0 ಅನ್ನು ಒಂದು ದಾರದಲ್ಲಿ ಪೋಣಿಸಿ ಬಟ್ಟೆಯ ಮೇಲೆ ಅಲೆಯಾಗಿ ಮಲಗಿಸಿ, ಇನ್ನೊಂದು ಸೂಜಿಯಿಂದ ಮೂರು ಮಣಿಗೊಮ್ಮೆ ದಾರದ ಮೇಲೆ ಅಡ್ಡ ಹೊಲಿಗೆ ಹಾಕಿ. ಬ್ಯಾಕ್ ಸ್ಟಿಚ್‌ಗಿಂತ ಇದು ಅಲೆಗೆ ಸಲೀಸು. ಇಲ್ಲಿ ಬಿಳಿ ಫೆಲ್ಟ್ ಹಾಕಬೇಡಿ. ಬಾಲದಲ್ಲಿ ಕಾಟ ಕೊಟ್ಟ ಅದೇ ಗುಣ, ಕೆಳಗಿನ ಬಟ್ಟೆಯ ನೀಲಿಯನ್ನು ಕುಡಿಯುವುದು, ಇಲ್ಲಿ ಬೇಕಾದದ್ದೇ: ಹತ್ತಿರದಿಂದ ಕಾಣುವ ಗೆರೆ ಎರಡು ಹೆಜ್ಜೆ ಹಿಂದೆ ಸರಿದರೆ ಕರಗುತ್ತದೆ. ಗೆರೆಗಳ ನಡುವೆ ಬಟ್ಟೆಯನ್ನು ಖಾಲಿ ಬಿಡುವ ಧೈರ್ಯ ಬೇಕು. ಅಲ್ಲಿ ಮೀನು, ತಾವರೆ ಎಂದೆಲ್ಲ ತುಂಬಿದರೆ ಮಕರಕ್ಕೆ ಉಸಿರು ಕಟ್ಟುತ್ತದೆ.

ಒಟ್ಟು ಹೊತ್ತು: ಪಳಗಿದ ಕೈಗೆ ಗಂಟೆಗೆ ಒಂದು ಚದರ ಇಂಚು. 85 ಚದರ ಸೆಂ.ಮೀ. ಎಂದರೆ 13 ಚದರ ಇಂಚು. ಕಣ್ಣು, ಫೆಲ್ಟ್, ನಕ್ಷೆ, ಬಿಚ್ಚಿ ಹೊಲಿದದ್ದೆಲ್ಲ ಸೇರಿ 24 ಗಂಟೆಗೆ ಕಡಿಮೆಯಿಲ್ಲ.

ಚೌಕಟ್ಟಿಗೆ

ರಿಂಗ್‌ನಿಂದ ಬಿಡಿಸಿ, ದಪ್ಪ ಟವೆಲ್ ಮೇಲೆ ಮಣಿ ಕೆಳಮುಖವಾಗಿಟ್ಟು ಹಿಂಬದಿಗೆ ಹದ ಬಿಸಿಯ ಇಸ್ತ್ರಿ, ರಿಂಗ್ ಗುರುತು ಬಿದ್ದ ಕಡೆ ಮಾತ್ರ. ಫೆಲ್ಟ್ ಇರುವ ಜಾಗಕ್ಕೂ ಮುತ್ತಿಗೂ ಬಿಸಿ ತಾಗಬಾರದು. ಪ್ಲಾಸ್ಟಿಕ್ ಮುತ್ತಿನ ಮೇಲ್ಪದರ ಸುಲಿಯುತ್ತದೆ. 20 × 16 ಸೆಂ.ಮೀ. ಗಟ್ಟಿ ರಟ್ಟಿನ ಮೇಲೆ ಹರಡಿ, ಬಟ್ಟೆಯ ಅಂಚುಗಳನ್ನು ಹಿಂದಕ್ಕೆ ಮಡಚಿ, ಎದುರು ಬದುರಿನ ಅಂಚುಗಳನ್ನು ಗಟ್ಟಿ ದಾರದಿಂದ ಅಡ್ಡಡ್ಡ ಎಳೆದು ಕಟ್ಟಿ. ಮೊದಲು ಮೇಲೆ-ಕೆಳಗೆ, ಆಮೇಲೆ ಎಡ-ಬಲ. ಅಂಟು ಹಚ್ಚಿದರೆ ಮುಂದೆ ಬಿಚ್ಚಿ ಸರಿಪಡಿಸಲಾಗದು.

ಸೊಂಡಿಲಿನ ಬಳೆಯ ತನಕ ಎತ್ತರ ಅಳೆದರೆ 6-7 ಮಿ.ಮೀ. ಬರುತ್ತದೆ. ಗಾಜು ಅದಕ್ಕೆ ತಾಗಬಾರದು, ಆದ್ದರಿಂದ ರಟ್ಟು ಮತ್ತು ಗಾಜಿನ ನಡುವೆ 10 ಮಿ.ಮೀ. ಮರದ ಪಟ್ಟಿ ಕೊಡಲು ಫ್ರೇಮ್ ಅಂಗಡಿಯವರಿಗೆ ಮೊದಲೇ ಹೇಳಿ. ಕರಾವಳಿಯ ಮನೆಗಳಲ್ಲಿ ಹಿಂಬದಿಗೆ ಒಂದು ಪುಟ್ಟ ಸಿಲಿಕಾ ಪೊಟ್ಟಣ ಇಡುವುದು ಒಳ್ಳೆಯದು. ಮುಂದಿನ ಫಲಕಕ್ಕೆ ಜರ್ದೋಸಿ (ಲೋಹದ ಸರಿಗೆ) ಬಳಸುವುದಾದರೆ ಇಡಲೇಬೇಕು, ತೇವಕ್ಕೆ ಅದು ಕಪ್ಪಾಗುತ್ತದೆ.

ತೂಗುಹಾಕುವಾಗ ನೇರ ಎದುರಿನಿಂದ ಬೆಳಕು ಬೀಳುವ ಗೋಡೆ ಬೇಡ, ಉಬ್ಬೆಲ್ಲ ಚಪ್ಪಟೆಯಾಗುತ್ತದೆ. ಸೊಂಡಿಲು ಎಡಕ್ಕಿರುವ ಮಕರಕ್ಕೆ ಬೆಳಕು ಎಡ ಮೇಲಿನಿಂದ ಬರಲಿ. ಹಣೆಯಿಂದ ಹೊರಟ ಹೊಳಪಿನ ಗೆರೆ ಬೆನ್ನಿನ ಸಾಲುಗಳ ಮೇಲೆ ಸಾಗಿ ಬಾಲದ ಕವಲಿನಲ್ಲಿ ಮೂರಾಗಿ ಒಡೆಯುತ್ತದೆ. ಆ ಹೊಳಪು ನಡುವೆ ಎಲ್ಲಾದರೂ ತುಂಡಾದಂತೆ ಕಂಡರೆ, ಅಲ್ಲಿ ಒಂದು ಸಾಲು ತಪ್ಪು ದಿಕ್ಕಿಗೆ ಓಡಿದೆ; ಚೌಕಟ್ಟಿಗೆ ಕೊಡುವ ಮೊದಲೇ ಮೇಜಿನ ದೀಪ ಹಿಡಿದು ಇದನ್ನು ನೋಡಿಕೊಳ್ಳಿ.